ರೊಸಾರಿಯೊದಲ್ಲಿ ತೆನೆ ಹಬ್ಬ

ಮಂಗಳೂರಿನ ರೊಸಾರಿಯೊ ಇಗರ್ಜಿ, ಅಂದರೆ ಚರ್ಚ್, ಶುರುವಾದದ್ದು 1568ರಲ್ಲಿ, ಪೋರ್ಚುಗೀಸರ ಕಾಲದಲ್ಲಿ. ಅದನ್ನೇ ನಂಬಿಕೊಂಡು ಹೋದರೆ ಪಾಚಿ ಹಿಡಿದ ಹಳೇ ಗೋಡೆಯೇನೂ ಕಾಣಲು ಸಿಗುವುದಿಲ್ಲ. ಈಗಿರುವ ಕಟ್ಟಡ ಕಳೆದ ಶತಮಾನದ್ದು. ಮೇಲೊಂದು ದೊಡ್ಡ ಗುಮ್ಮಟ, ಅದರ ತುದಿಗೆ ಶಿಲುಬೆ. ರಾತ್ರಿ ಶಿಲುಬೆಗೆ ದೀಪ ಹಾಕುತ್ತಾರೆ. ಕಡಲಿಗೆ ಹೋದ ಮೀನುಗಾರರಿಗೆ ಅದೇ ದಡದ ಗುರುತು.

ಹಂಪನಕಟ್ಟೆಯ ಮಿಲಾಗ್ರಿಸ್‌ ಇಗರ್ಜಿಯದ್ದೂ ಇದೇ ಕತೆ. 1680ರಲ್ಲಿ ಬಿಷಪ್ ಥಾಮಸ್ ದ ಕ್ಯಾಸ್ಟ್ರೋ ಕಟ್ಟಿಸಿದ್ದು, ಜಾಗ ಕೊಟ್ಟದ್ದು ಕೆಳದಿಯ ರಾಣಿ ಚೆನ್ನಮ್ಮ. ಇವತ್ತು ನಾವು ನೋಡುವುದು ಮಾತ್ರ ಇಪ್ಪತ್ತನೇ ಶತಮಾನದ ಕಟ್ಟಡ. ನಡುವೆ 1784 ಬಂತು. ಟಿಪ್ಪು ಕರಾವಳಿಯ ಕ್ರೈಸ್ತರನ್ನು ಸೆರೆಹಿಡಿದು, ಘಟ್ಟ ಹತ್ತಿಸಿ ಶ್ರೀರಂಗಪಟ್ಟಣಕ್ಕೆ ನಡೆಸಿದ. ದಾರಿಯಲ್ಲೇ ಸತ್ತವರು ಬಹಳ. ಇಗರ್ಜಿಗಳು ನೆಲಸಮವಾದವು. 1799ರಲ್ಲಿ ಟಿಪ್ಪು ಸತ್ತ ಮೇಲೆ ಬದುಕುಳಿದವರಲ್ಲಿ ಅನೇಕರು ಊರಿಗೆ ಮರಳಿ, ಮೊದಲಿನಿಂದ ಶುರು ಮಾಡಿದರು.

ಪ್ರವಾಸಿಗರು ಜಾಸ್ತಿ ಹೋಗುವುದು ಲೈಟ್‌ಹೌಸ್ ಹಿಲ್ ಮೇಲಿನ ಸಂತ ಅಲೋಶಿಯಸ್ ಚಾಪೆಲ್‌ಗೆ. ಇಟಲಿಯ ಆಂಟೋನಿಯೊ ಮೊಸ್ಕೇನಿ 1899ರಿಂದ 1901ರ ತನಕ ಅದರ ಗೋಡೆ, ಚಾವಣಿ ಎಲ್ಲದಕ್ಕೂ ಚಿತ್ರ ಬರೆದ. ಚೆಂದವೇ, ಅದರಲ್ಲಿ ಎರಡು ಮಾತಿಲ್ಲ. ಆದರೆ ಅದನ್ನಷ್ಟೇ ನೋಡಿ ಬಸ್ ಹತ್ತಿದರೆ ಮ್ಯೂಸಿಯಂ ನೋಡಿದ ಹಾಗೆ, ಊರು ನೋಡಿದ ಹಾಗಲ್ಲ.

ಊರು ನೋಡಬೇಕಾದರೆ ಸೆಪ್ಟೆಂಬರ್ 8ಕ್ಕೆ ಬರಬೇಕು. ಅಂದು ಮೊಂತಿ ಫೆಸ್ತ್, ಅಂದರೆ ಯೇಸುವಿನ ತಾಯಿ ಮರಿಯಮ್ಮನ ಹುಟ್ಟುಹಬ್ಬ. ಜೊತೆಗೆ ಹೊಸ ತೆನೆಯ ಹಬ್ಬ. 1763ರಲ್ಲಿ ಮಂಗಳೂರಿನ ಹತ್ತಿರದ ಫರಂಗಿಪೇಟೆಯಲ್ಲಿ ಫಾದರ್ ಜೋಕಿಂ ಮಿರಾಂದ ಇದನ್ನು ಶುರು ಮಾಡಿದರು ಅನ್ನುತ್ತಾರೆ. ನನಗನಿಸುವುದು, ಗದ್ದೆ ಇದ್ದ ಊರಿನಲ್ಲಿ ತೆನೆ ತುಂಬುವ ಸಂಭ್ರಮ ಅದಕ್ಕೂ ಮುಂಚೆಯೇ ಇದ್ದಿರಬೇಕು, ಅಲ್ವಾ?

ನಾವು ಹೋದಾಗ ರೊಸಾರಿಯೊದ ಅಂಗಳದಲ್ಲಿ ಕಾಲಿಡಲು ಜಾಗವಿರಲಿಲ್ಲ. ಹೊಸ ಬಟ್ಟೆ ಹಾಕಿಕೊಂಡ ಮಕ್ಕಳ ಕೈಯಲ್ಲಿ ಹೂವಿನ ಬುಟ್ಟಿ. ದಾಸವಾಳ, ಗೊರಟೆ, ಬೇಲಿಯ ಮೇಲಿನ ಕಾಡುಹೂವು, ಸಿಕ್ಕಿದ್ದೆಲ್ಲ ಅದರಲ್ಲಿತ್ತು. ಹಾಡು ಶುರುವಾಗುತ್ತಲೇ ಪುಟ್ಟ ಮರಿಯಮ್ಮನ ಮೂರ್ತಿಗೆ ಹೂವು ಎರಚಿದರು. ಅರ್ಧ ಹೂವು ಮುಂದೆ ನಿಂತವರ ತಲೆ ಮೇಲೆ! ಪೂಜೆ ಮುಗಿದ ಮೇಲೆ ಆಶೀರ್ವದಿಸಿದ ತೆನೆಯನ್ನು ಮನೆಗಿಷ್ಟು ಎಂದು ಹಂಚಿದರು. ಮಕ್ಕಳು ಕಬ್ಬು ಹಂಚುವ ಸಾಲಿಗೆ ಓಡಿದರು.

ಮಧ್ಯಾಹ್ನ ಗೆಳೆಯನ ಮನೆಯಲ್ಲಿ ಊಟ. ಹಿರಿಯರು ತೆನೆಯಿಂದ ಒಂದೊಂದೇ ಕಾಳು ಬಿಡಿಸಿ, ಉಗುರಿನಲ್ಲಿ ಹೊಟ್ಟು ತೆಗೆದರು. ಆ ಅಕ್ಕಿಯನ್ನು ಪುಡಿ ಮಾಡಿ ತೆಂಗಿನ ಹಾಲಿಗೆ ಬೆರೆಸಿದರು. ಪ್ರಾರ್ಥನೆ ಆದ ಮೇಲೆ ಎಲ್ಲರಿಗೂ ಒಂದೊಂದು ಚಮಚ. ಇನ್ನಷ್ಟು ಕಾಳನ್ನು ಕಾಗದದಲ್ಲಿ ಮಡಿಸಿಟ್ಟರು, ಅದು ದುಬೈಯಲ್ಲಿರುವ ಮಗಳಿಗೆ ಹೋಗಬೇಕಂತೆ.

ಆಮೇಲೆ ಬಾಳೆಲೆ. ಬೆಂಡೆ, ಹರಿವೆ, ಕೆಸುವಿನ ದಂಟು, ಹೀರೆ, ಅಂಬಟೆ. ಪಲ್ಯಗಳ ಲೆಕ್ಕ ಬೆಸವೇ ಇರಬೇಕು. ಅಂದು ಮೀನು, ಮಾಂಸ ಯಾವುದೂ ಇಲ್ಲ. ಮಂಗಳೂರಿನ ಕ್ರೈಸ್ತರ ಮನೆಯ ಹಬ್ಬದೂಟ ಅಂದರೆ ನಾನು ಬೇರೇನೋ ಲೆಕ್ಕ ಹಾಕಿದ್ದೆ. ಗೆಳೆಯನ ಅಮ್ಮನಿಗೆ ಅದು ಗೊತ್ತಾಯಿತೇನೋ, ಎಲೆಗೆ ಇನ್ನೊಂದು ಸೌಟು ಅನ್ನ ಹಾಕುತ್ತ ನಕ್ಕರು: ‘ಇವತ್ತು ಇಷ್ಟೇ ಮಾರಾಯ್ರೆ. ನಾಳೆಯೂ ಇರಿ, ಬಂಗುಡೆ ತರಿಸ್ತೇನೆ.’