ಬಲೆ ಒಣಗಿಸುವ ಹಕ್ಕು

ರಾಮೇಶ್ವರಕ್ಕೆ ಹೋದವರು ದೇವಸ್ಥಾನ, ಧನುಷ್ಕೋಡಿ ನೋಡಿಕೊಂಡು ಹೊರಟುಬಿಡುತ್ತಾರೆ. ನಾನು ಒಂದು ದಿನ ಜಾಸ್ತಿ ಉಳಿದುಕೊಂಡೆ. ಕಚ್ಚತೀವಿನ ಬಗ್ಗೆ ಮೀನುಗಾರರನ್ನೇ ಕೇಳಬೇಕಿತ್ತು. ಭಾರತ, ಶ್ರೀಲಂಕಾ ನಡುವಿನ ಸಮುದ್ರದಲ್ಲಿರುವ ಸುಮಾರು 285 ಎಕರೆಯ ದ್ವೀಪ ಅದು. ಕುಡಿಯುವ ನೀರಿಲ್ಲ, ಹಾಗಾಗಿ ಯಾರೂ ವಾಸವಿಲ್ಲ. ಸಂತ ಅಂತೋನಿಯವರ ಚರ್ಚ್ ಮಾತ್ರ ಇದೆ.

ಬಂದರಿನ ಹತ್ತಿರ ಹರಿದ ಬಲೆ ಸರಿಮಾಡುತ್ತಿದ್ದ ಹಿರಿಯರೊಬ್ಬರು ಸಿಕ್ಕರು. "ಅಯ್ಯಾ, ಆ ದ್ವೀಪ ಮೊದಲು ಯಾರದ್ದು?" ಎಂದು ನನ್ನ ಅರ್ಧಂಬರ್ಧ ತಮಿಳಿನಲ್ಲಿ ಕೇಳಿದೆ.

"ರಾಜರದ್ದು, ತಂಬಿ."

ಅಂದರೆ ರಾಮನಾಥಪುರದ ಸೇತುಪತಿಗಳದ್ದು. ಕಚ್ಚತೀವು ಅವರ ಜಮೀನ್ದಾರಿಗೆ ಸೇರಿತ್ತು ಎನ್ನುವುದೇ ಭಾರತದ ಕಡೆಯ ಹಳೆಯ ವಾದ. ಸಿಲೋನ್, ಅಂದರೆ ಈಗಿನ ಶ್ರೀಲಂಕಾ, 1921ರಲ್ಲೇ ಅದು ತನ್ನದು ಎಂದಿತ್ತು.

"ಆದ್ರೆ ನಮಗೆ ಕಾಗದ ಯಾವತ್ತೂ ಬೇಕಾಗಿರಲಿಲ್ಲ. ಅಪ್ಪನ ಕಾಲದಿಂದ ಅಲ್ಲಿ ಬಲೆ ಒಣಗಿಸಿ, ಗಂಜಿ ಬೇಯಿಸ್ಕೊಂಡು, ಸ್ವಲ್ಪ ಮಲಗಿ ಬರ್ತಿದ್ವಿ," ಎಂದರು.

1974ರ ಜೂನ್‌ನಲ್ಲಿ ಇಂದಿರಾ ಗಾಂಧಿ ಮತ್ತು ಸಿರಿಮಾವೊ ಬಂಡಾರನಾಯಕೆ ಒಪ್ಪಂದಕ್ಕೆ ಸಹಿ ಹಾಕಿದರು. ಗಡಿಗೆರೆ ಎಳೆದಾಗ ದ್ವೀಪ ಶ್ರೀಲಂಕಾದ ಕಡೆಗೆ ಹೋಯಿತು. ಭಾರತದ ಮೀನುಗಾರರು, ಯಾತ್ರಿಕರು ವೀಸಾ ಇಲ್ಲದೆ ಮೊದಲಿನಂತೆ ಹೋಗಿಬರಬಹುದು ಎಂದು ಅದರಲ್ಲೇ ಬರೆದಿತ್ತು. ಎರಡು ವರ್ಷ ಕಳೆದು 1976ರ ಒಪ್ಪಂದ ಬಂತು. ಪರಸ್ಪರರ ನೀರಿನಲ್ಲಿ ಮೀನು ಹಿಡಿಯುವುದು ನಿಂತಿತು.

ನನಗೆ ಹೊಟ್ಟೆ ಉರಿಯುವುದು ಇಲ್ಲಿಯೇ. ಮೀನು ಹಿಡಿಯುವಂತಿಲ್ಲ ಅಂದಮೇಲೆ ಬಲೆ ಯಾಕೆ ಒದ್ದೆಯಾಗುತ್ತದೆ? ಒಣಗಿಸುವ ಹಕ್ಕು ಇಟ್ಟುಕೊಂಡು ಏನು ಮಾಡೋದು? ರಾಜನ ಹೆಸರಿಗೆ ಪತ್ರವಿತ್ತೋ ಇಲ್ಲವೋ ಎಂದು ವಕೀಲರು ವಾದಿಸಲಿ. ತಲೆಮಾರುಗಳಿಂದ ಅಲ್ಲಿ ಒಲೆ ಹಚ್ಚಿದವರ ಹಕ್ಕು ಎಲ್ಲಕ್ಕಿಂತ ಮೊದಲು ಬರಬೇಕಿತ್ತು, ಅಲ್ವಾ? ಗೆರೆ ದಾಟಿದರೆಂದು ಇವತ್ತಿಗೂ ಶ್ರೀಲಂಕಾ ನೌಕಾಪಡೆ ಇವರನ್ನು ಹಿಡಿಯುತ್ತದೆ, ದೋಣಿಗಳನ್ನು ವಶಪಡಿಸಿಕೊಳ್ಳುತ್ತದೆ.

ಆದರೆ ಆಚೆ ದಡದವರ ನೋವೂ ಸುಳ್ಳಲ್ಲ. ಈ ಕಡೆಯ ಟ್ರಾಲರ್‌ಗಳು ಸಮುದ್ರದ ತಳವನ್ನೇ ಕೆರೆದು ಮೀನು ಎಳೆದುಕೊಂಡು ಬರುತ್ತವೆ. ನಷ್ಟ ಆಗುವುದು ಜಾಫ್ನಾ ಕಡೆಯ ಬಡ ತಮಿಳು ಮೀನುಗಾರರಿಗೆ. ಇದನ್ನು ಹಿರಿಯರೇ ಒಪ್ಪಿಕೊಂಡರು.

ಫೆಬ್ರುವರಿ, ಮಾರ್ಚ್ ಹೊತ್ತಿಗೆ ಅಂತೋನಿಯವರ ಜಾತ್ರೆ. ಆಗ ಎರಡೂ ದೇಶದ ದೋಣಿಗಳು ಸೇರುತ್ತವೆ. ಶ್ರೀಲಂಕಾದ ಅಂತರ್ಯುದ್ಧದ ಕಾಲದಲ್ಲಿ ಎಷ್ಟೋ ವರ್ಷ ಅದೂ ನಿಂತಿತ್ತು. ಈಗ ಹೆಸರು ಕೊಟ್ಟು ಅನುಮತಿ ಪಡೆದು ಹೋಗಬೇಕು.

"ಟ್ರಾಲರ್ ವಿಷಯಕ್ಕೆ ಅವರು ನಮ್ಮನ್ನ ಮುಖದ ಮೇಲೇ ಬೈತಾರೆ," ಎಂದರು ಹಿರಿಯರು. "ನಾವೂ ಬಿಡಲ್ಲ. ಆಮೇಲೆ ಒಟ್ಟಿಗೇ ಊಟಕ್ಕೆ ಕೂರ್ತೀವಿ."