‘ತೊನ್‌ಜ’ ಎಂಬ ಜಿಗಣೆ

ಜಪಾನೀ ಭಾಷೆಯ ಪರೀಕ್ಷೆಯಾದ ಜೆಎಲ್‌ಪಿಟಿಯ ಅತ್ಯಂತ ಕಠಿಣ ಹಂತ ಎನ್‌1ಕ್ಕೆಂದು ಕಟ್ಟುತ್ತಿರುವ ನನ್ನ ಆ್ಯಂಕಿ (ಪದಗಳನ್ನು ಮತ್ತೆ ಮತ್ತೆ ಕೇಳಿ ನೆನಪಿಗಿಳಿಸುವ ಆ್ಯಪ್) ಕಾರ್ಡುಗಳಲ್ಲಿ, ಕೆಟ್ಟುಹೋದ ಯೋಜನೆಗಳ ಬಗೆಗಿನ ಪದಗಳ ಕಂತೆ ನಿನ್ನೆ ರಾತ್ರಿ ಕೊನೆಗೂ ಒಂದು ಹದಕ್ಕೆ ಬಂದಿತು. ‘ಚೂಶಿ’ ಎಂದರೆ ರದ್ದು, ‘ಎಂಕಿ’ ಎಂದರೆ ಮುಂದೂಡಿಕೆ. 2020ರ ತೋಕಿಯೊ ಒಲಿಂಪಿಕ್ಸ್ ಎಂಕಿಯಾಯಿತೇ ಹೊರತು ಚೂಶಿಯಾಗಲಿಲ್ಲ ಎಂದು ನೆನಪಿಟ್ಟರೆ ಅವುಗಳ ಗೊಡವೆ ಮುಗಿಯಿತು. ಕಾಡಿದ್ದು ‘ತೊನ್‌ಜ’. ಎಂಟು ಸಲ ತಪ್ಪಿದ ಕಾರ್ಡಿಗೆ ಆ್ಯಂಕಿ ‘ಲೀಚ್’, ಅಂದರೆ ಜಿಗಣೆ, ಎಂಬ ಹಣೆಪಟ್ಟಿ ಕಟ್ಟುತ್ತದೆ. ಹೊಸದಾಗಿ ಬರೆದ ಮೇಲೂ ಈ ಕಾರ್ಡು ಅದನ್ನು ಕಟ್ಟಿಸಿಕೊಂಡಿತು.

ತಪ್ಪು ನನ್ನ ಕನ್ನಡದಲ್ಲಿತ್ತು. ಅರ್ಥದ ಜಾಗದಲ್ಲಿ ‘ನಿಂತುಹೋಗು’ ಎಂದು ಬರೆದಿದ್ದೆ. ಅದಕ್ಕೆ, ಯಾರೂ ಆರಿಸದೆ ತಾನಾಗಿ ನಂದಿದ ಬೆಂಕಿಯಂತೆ ಸುದ್ದಿಯಿಲ್ಲದೆ ಕೊನೆಗೊಳ್ಳುವ ‘ತಾಚಿಗಿಎ’ಯೂ, ಬೇಕೆಂದೇ ಅಟ್ಟದ ಮೇಲಿಡುವ ‘ತಾನಆಗೆ’ಯೂ ಸರಿಯುತ್ತರಗಳೇ. ವಾಸ್ತುಶಿಲ್ಪಿ ಜಾಹಾ ಹದೀದ್ ಅವರ ತೋಕಿಯೊ ರಾಷ್ಟ್ರೀಯ ಕ್ರೀಡಾಂಗಣದ ವಿನ್ಯಾಸವನ್ನು 2015ರ ಜುಲೈನಲ್ಲಿ ಪ್ರಧಾನಿ ಶಿಂಜೊ ಅಬೆ ಕೈಬಿಟ್ಟಾಗ ಬಳಕೆಯಾದ ‘ಹಕುಶಿ’, ಅಂದರೆ ಬರಿಯ ಬಿಳಿ ಹಾಳೆಗೆ ಮರಳುವುದು, ಮತ್ತೊಂದೇ ಬಗೆ.

ಗಂಟು ಬಿಚ್ಚಿದ್ದು ಕಾಂಜಿಯನ್ನು, ಅಂದರೆ ಜಪಾನೀ ಬರಹದಲ್ಲಿರುವ ಚೀನೀ ಮೂಲದ ಅಕ್ಷರಗಳನ್ನು, ಕೈಯಲ್ಲಿ ಬರೆಯುವಾಗ. ತೊನ್‌ಜದ ‘ಜ’ ಮತ್ತು ಕಾಲು ಉಳುಕುವುದಕ್ಕೆ ಹೇಳುವ ‘ನೆನ್‌ಜ’ದ ‘ಜ’ ಒಂದೇ ಅಕ್ಷರ; ‘ತೊನ್’ನಲ್ಲಿ ಥಟ್ಟನೆ ಎಂಬ ಭಾವವಿದೆ. ಹಾಗಾದರೆ ಯೋಜನೆ ನಡೆಯುತ್ತಿರಬೇಕು, ನಡುದಾರಿಯಲ್ಲಿ ಅದರ ಕಾಲು ಉಳುಕಬೇಕು. ‘ಕೇಕಾಕು ಒ ತೊನ್‌ಜ ಶಿತಾ’ (‘ಯೋಜನೆಯನ್ನು ತೊನ್‌ಜ ಮಾಡಿತು’ ಎಂಬಂತೆ) ಎಂದು ಬರೆದು ಶಿಕ್ಷಕಿಯಿಂದ ಕೆಂಪು ಗೆರೆ ಎಳೆಸಿಕೊಂಡದ್ದೂ ಆಗ ಅರ್ಥವಾಯಿತು: ಕರ್ಮವನ್ನು ತೋರುವ ‘ಒ’ ಅಲ್ಲ, ಕರ್ತೃವನ್ನು ತೋರುವ ‘ಗ’ ಬೇಕು, ಏಕೆಂದರೆ ಯೋಜನೆ ತಾನೇ ಹಳ್ಳ ಹಿಡಿಯುತ್ತದೆ; ಯಾರಾದರೂ ಹಳ್ಳ ಹಿಡಿಸಿದರೆ ಮಾತ್ರ ‘ತೊನ್‌ಜ ಸಸೆರು’. ಕಾರ್ಡಿನಲ್ಲಿ ಈಗ ‘ನಡುವೆಯೇ ಹಳ್ಳ ಹಿಡಿ’ ಎಂದಿದೆ.

ಇದನ್ನೆಲ್ಲ ಚೌಕದ ಪುಸ್ತಕದಲ್ಲಿ ಬರೆಯಬೇಕಿತ್ತು. ಆನ್‌ಲೈನಿನಲ್ಲಿ ತರಿಸಿದಾಗ ಬಂದದ್ದು ಮಕ್ಕಳ ನಾಲ್ಕು ಗೆರೆಯ ಕಾಪಿ. ಹಿಂತಿರುಗಿಸಲು ಕೋರಿದರೆ ಮಾರಾಟಗಾರರು ಒಪ್ಪಿದರು, ಆದರೆ ಒಯ್ಯಲು ಯಾರೂ ಬರಲಿಲ್ಲ, ಬರುವುದಿಲ್ಲವೆಂದೂ ಹೇಳಲಿಲ್ಲ. ತಾಚಿಗಿಎ ಕಾರ್ಡಿಗೆ ಉದಾಹರಣೆಯಾದರೂ ಸಿಕ್ಕಿತು.

ಎಲ್ಲ ಹಾಳಾಯಿತು ಎಂಬರ್ಥದ ‘ಒಜನ್’ ಹುಡುಕುವಾಗ, ಎದೊ ಕಾಲದಲ್ಲಿ (1603–1868) ಬೆಂಕಿ ಆರಿದಾಗ ಬಾರಿಸುತ್ತಿದ್ದ ಗಂಟೆಯ ‘ಜನ್’ ಸದ್ದಿನಿಂದ ಅದು ಬಂದಿತೆಂಬ ವಿವರಣೆ ಕಂಡಿತು. ನಮ್ಮ ‘ಢಣ್’, ‘ದಬದಬ’ಗಳ ಎದುರಿಗೆ ಜಪಾನಿನ ಅನುಕರಣ ಪದಗಳನ್ನು ಇಡುವ ಕಂತೆಯೊಂದನ್ನು ಕೂಡಲೇ ಯೋಜಿಸಿದೆ. ಚೌಕದ ಪುಸ್ತಕ ಬರುವವರೆಗೆ ಅದು ತಾನಆಗೆ.