ಮದುವೆ ಕಾನೂನಿನ ಕಾಲಪಟ್ಟಿ: ರುಖ್ಮಾಬಾಯಿ ಭಾಗ ಮುಗಿಯಿತು

ಭಾರತದ ಮದುವೆ ಕಾನೂನುಗಳು ಬದಲಾದ ಕತೆಯನ್ನು ಉದ್ದನೆಯ ಕಾಗದದ ಸುರುಳಿ ಮೇಲೆ ಬಿಡಿಸುತ್ತಿದ್ದೇನಲ್ಲ, ಈ ವಾರ ಕೆಲಸ ಚೆನ್ನಾಗಿ ಸಾಗಿತು. 1856ರ ವಿಧವಾ ಪುನರ್ವಿವಾಹ ಕಾಯ್ದೆಗೆ ಗೇಣಗಲ ಜಾಗ ಸಾಕಾಯಿತು. ರುಖ್ಮಾಬಾಯಿಗೆ ಮಾತ್ರ ಜಾಸ್ತಿ ಕೊಟ್ಟಿದ್ದೇನೆ, ಕೊಡಲೇಬೇಕಿತ್ತು.

11ನೇ ವಯಸ್ಸಿಗೇ ಮದುವೆ. ಆದರೆ ಗಂಡನ ಮನೆಗೆ ಹೋಗದೆ ತವರಲ್ಲೇ ಉಳಿದು ಓದಿಕೊಂಡರು. 1884ರಲ್ಲಿ ಗಂಡ ದಾದಾಜಿ ಭಿಕಾಜಿ, ಹೆಂಡತಿಯನ್ನು ಕಳಿಸಿಕೊಡಿ ಎಂದು ಬಾಂಬೆ ಹೈಕೋರ್ಟಿನಲ್ಲಿ ದಾವೆ ಹೂಡಿದ. ಮರುವರ್ಷ ನ್ಯಾಯಮೂರ್ತಿ ಪಿನ್ಹೆ ರುಖ್ಮಾಬಾಯಿ ಪರ ತೀರ್ಪು ಕೊಟ್ಟರು. ಮೇಲ್ಮನವಿಯಲ್ಲಿ ಅದು ನಿಲ್ಲಲಿಲ್ಲ. 1887ರಲ್ಲಿ ನ್ಯಾಯಮೂರ್ತಿ ಫ್ಯಾರನ್ ಆದೇಶ ಬಂತು: ಗಂಡನ ಮನೆಗೆ ಹೋಗಬೇಕು, ಇಲ್ಲವೇ ಆರು ತಿಂಗಳು ಜೈಲು. ಜೈಲೇ ಆಗಲಿ ಅಂದರು ರುಖ್ಮಾಬಾಯಿ! ಇನ್ನೂ ಇಪ್ಪತ್ತರ ಆಸುಪಾಸಿನ ಹೆಣ್ಣುಮಗಳು. ಎಂಥ ಎದೆಗಾರಿಕೆ ಅಲ್ವಾ? ಕೊನೆಗೆ 1888ರಲ್ಲಿ ದಾದಾಜಿ 2,000 ರೂಪಾಯಿ ಪಡೆದು ರಾಜಿಯಾದ. ರುಖ್ಮಾಬಾಯಿ ಲಂಡನ್ನಿಗೆ ಹೋಗಿ ಡಾಕ್ಟರ್ ಆಗಿ ಬಂದರು.

ಈ ಭಾಗಕ್ಕೆ ಎರಡು ಬಾಗಿಲು ಬಿಡಿಸಿದ್ದೇನೆ. ಒಂದು ಮನೆಯದು, ಇನ್ನೊಂದು ಜೈಲಿನದು. ಎರಡಕ್ಕೂ ಬೇಕಂತಲೇ ಒಂದೇ ಅಳತೆ, ಒಂದೇ ಥರದ ಅಗುಳಿ. ಎರಡಕ್ಕೂ ಅಗುಳಿ ಹೊರಗಡೆಯೇ ಇದೆ.

ಪಕ್ಕದಲ್ಲೇ 1891ರ ಕಾಯ್ದೆ. ಸಮ್ಮತಿ ವಯಸ್ಸು, ಅಂದರೆ ಹುಡುಗಿಯೊಡನೆ ದೇಹಸಂಬಂಧಕ್ಕೆ ಕಾನೂನು ಒಪ್ಪುವ ಕನಿಷ್ಠ ವಯಸ್ಸು, 10 ಇದ್ದದ್ದು 12 ಆಯಿತು, ಅಷ್ಟೇ. ಅಷ್ಟಕ್ಕೂ ಕಲಕತ್ತೆಯಲ್ಲಿ ಫೂಲ್‌ಮಣಿ ಎಂಬ ಪುಟ್ಟ ಹುಡುಗಿ ಗಂಡನ ಬಲಾತ್ಕಾರಕ್ಕೆ ಜೀವ ಬಿಡಬೇಕಾಯಿತು. ಆಮೇಲೂ ತಿಲಕರು ಈ ಕಾಯ್ದೆಯನ್ನು ವಿರೋಧಿಸಿದರು. ಅದನ್ನೂ ದಪ್ಪ ಅಕ್ಷರದಲ್ಲೇ ಬರೆದಿದ್ದೇನೆ. ದೊಡ್ಡವರ ಹೆಸರು ಅಂತ ಬಿಟ್ಟರೆ ಈ ಪಟ್ಟಿಗೆ ಅರ್ಥವಿಲ್ಲ.

ದಾದಾಜಿಯ ದಾವೆಯಿಂದ ಒಂದು ಕೆಂಪು ಗೆರೆ ಹೊರಟಿದೆ. ಅದನ್ನು 1888ಕ್ಕೆ ನಿಲ್ಲಿಸೋಣ ಅಂದರೆ ಆಗುವುದಿಲ್ಲ. ಅಂಥದೇ ದಾವೆಗೆ 1955ರ ಹಿಂದೂ ವಿವಾಹ ಕಾಯ್ದೆಯ 9ನೇ ಸೆಕ್ಷನ್ ಜಾಗ ಕೊಟ್ಟಿತು. ಈಗ ಗಂಡ ಹೆಂಡತಿ ಯಾರು ಬೇಕಾದರೂ ಹೂಡಬಹುದು, ಜೈಲಿನ ಭಯವೂ ಇಲ್ಲ. 1983ರಲ್ಲಿ ಆಂಧ್ರಪ್ರದೇಶ ಹೈಕೋರ್ಟ್ ಈ ಸೆಕ್ಷನ್ನನ್ನು ರದ್ದು ಮಾಡಿತು. ಮರುವರ್ಷ ಸುಪ್ರೀಂ ಕೋರ್ಟ್ ಸೆಕ್ಷನ್ ಸರಿಯಾಗಿಯೇ ಇದೆ ಎಂದು ಅದನ್ನು ಉಳಿಸಿತು. ಹಾಗಾಗಿ ಕೆಂಪು ಗೆರೆಯನ್ನು ಆ ಕಡೆಗೂ ಎಳೆಯುತ್ತಿದ್ದೇನೆ.

ಇನ್ನು ಮುಂದಿನದು ಮೈಸೂರು. ಎಂಟು ವರ್ಷದೊಳಗಿನ ಹುಡುಗಿಯರ ಮದುವೆಯನ್ನು ನಮ್ಮ ಸಂಸ್ಥಾನ 1894ರಲ್ಲೇ ತಡೆದಿತ್ತು. 50 ದಾಟಿದ ಗಂಡಸು 14ರೊಳಗಿನ ಹುಡುಗಿಯನ್ನು ಮದುವೆಯಾಗುವಂತೆಯೂ ಇರಲಿಲ್ಲ. 1933ರ ಹಿಂದೂ ಸ್ತ್ರೀಯರ ಹಕ್ಕು ಕಾಯ್ದೆಯೂ ಇದರ ಜೊತೆಗೇ ಬರುತ್ತದೆ. 1951ಕ್ಕೆ ಒಂದಿಡೀ ಚೌಕ ಖಾಲಿ ಬಿಟ್ಟಿದ್ದೇನೆ: ಹಿಂದೂಗಳ ಮದುವೆ, ಆಸ್ತಿ ಕಾನೂನು ಬದಲಿಸಲು ಹೊರಟ ಹಿಂದೂ ಕೋಡ್ ಮಸೂದೆ ಮೂಲೆಗೆ ಸರಿದಾಗ ಅಂಬೇಡ್ಕರ್ ಮಂತ್ರಿಪದವಿ ಬಿಟ್ಟ ವರ್ಷ ಅದು.